ಇಟಲಿಗೆ ಯಂತ್ರ ನೋಡಲು ಹೋದ ಮೂವರು ಸುಳ್ಳರು

ಹೊರಡುವ ಮೊದಲು

ನಾನು ವೇಳಾಂಕಣಿ ಮಾತೆಯ ದರ್ಶನಕ್ಕೆ ಹೋಗಿದ್ದೆನೆಂದು ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯವರು ಇವತ್ತಿಗೂ ನಂಬಿದ್ದಾರೆ. ಬಂದ ಮಾರನೆಯ ದಿನ ಪಕ್ಕದ ಮನೆಯವರು ಅಲ್ಲಿನ ಪವಿತ್ರ ಎಣ್ಣೆ ಕೇಳಿಕೊಂಡು ಬಂದರು. ಬಾಟಲಿ ಬಸ್ಸಿನಲ್ಲೇ ಒಡೆದುಹೋಯಿತು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ. ಇದನ್ನು ಓದಿದ ಮೇಲೆ ಅವರಿಗೆ ನಿಜ ಗೊತ್ತಾಗುತ್ತದೆ. ಆಗಲಿ.

ನಾನು ಹೋಗಿದ್ದು ಇಟಲಿಗೆ. ಅದೇನು ಮುಚ್ಚಿಡುವಂಥ ಸಂಗತಿಯಲ್ಲ. ನಮ್ಮ ಚರ್ಚಿನಲ್ಲಿ ಹೇಳಿದ್ದರೆ ಫಾದರ್ ನನಗಾಗಿ ಪ್ರಾರ್ಥಿಸಿ ಕಳಿಸುತ್ತಿದ್ದರು. ಆದರೆ ನಾನು ಹೋಗುತ್ತಿದ್ದುದು ಒಂದು ಯಂತ್ರ ನೋಡುವುದಕ್ಕೆ. ಆ ಸುದ್ದಿ ನಮ್ಮ ಕಾರ್ಖಾನೆಯ ಎದುರು ಶೆಡ್ಡಿನ ವಸಂತಕುಮಾರ್ ಅವರ ಕಿವಿಗೆ ಬೀಳಬಾರದಿತ್ತು. ಬೆಳಿಗ್ಗೆ ಚರ್ಚಿನಲ್ಲಿ ಆಡಿದ ಮಾತು ಸಂಜೆಯೊಳಗೆ ವಿಜಯನಗರ ಮುಟ್ಟುತ್ತದೆ. ವಸಂತಕುಮಾರ್ ಅವರ ಮನೆಯಿರುವುದು ವಿಜಯನಗರದಲ್ಲಿ.

ನಮ್ಮದು ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಕಾರ್ಖಾನೆ, ಅಪ್ಪ ಶುರು ಮಾಡಿದ್ದು. ಕಾದ ಕಬ್ಬಿಣವನ್ನು ಒತ್ತಿ ರೂಪ ಕೊಡುವ ಉಕ್ಕಿನ ಅಚ್ಚುಗಳನ್ನು ಮಾಡುತ್ತೇವೆ. ನಮ್ಮ ಬಾಯಲ್ಲಿ ಅವು ಡೈಗಳು. ಸವೆದ ಡೈಗಳನ್ನು ರಿಪೇರಿಯೂ ಮಾಡುತ್ತೇವೆ. ಬ್ಯಾಂಕು, ತೆರಿಗೆ, ಜಗಳ ನನ್ನ ಪಾಲು. ಯಂತ್ರಗಳೆಲ್ಲ ನನ್ನ ಪಾಲುದಾರರಾದ ಚಿಕ್ಕಣ್ಣೇಗೌಡರ ಪಾಲು. ಗೌಡರು ವರುಣದ ಕಡೆಯ ಬೇಸಾಯದ ಮನೆಯವರು. ಐಟಿಐ ಮುಗಿಸಿ ಅಪ್ಪನ ಹತ್ತಿರ ಕೆಲಸಕ್ಕೆ ಬಂದವರು, ಅಪ್ಪ ತೀರಿಕೊಂಡ ಮೇಲೆ ಪಾಲುದಾರರಾದರು. ನಾನು ಅವರಿಗೆ ಸ್ಟೆಲ್ಲಮ್ಮ. ಅವರು ನನಗೆ ಗೌಡ್ರು.

ನಮಗೆ ಅನ್ನ ಹಾಕುತ್ತಿದ್ದುದು ಟ್ರಾಕ್ಟರ್ ಬಿಡಿಭಾಗ ಮಾಡುವ ಒಂದು ದೊಡ್ಡ ಕಂಪನಿ. ಅಲ್ಲಿನ ಪರ್ಚೇಸ್ ಮ್ಯಾನೇಜರನ್ನು ಮುರಳೀಧರ್ ಎಂದು ಕರೆಯೋಣ. ಅದು ಅವರ ನಿಜವಾದ ಹೆಸರಲ್ಲ. ಕನ್ನಡ ಪುಸ್ತಕ ಓದುವ ಅಭ್ಯಾಸ ಅವರಿಗಿಲ್ಲ, ಆ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ. ಡೈ ವೆಲ್ಡಿಂಗ್ ಮಾಡುತ್ತಿದ್ದ ನಮ್ಮ ಹಿರಿಯ ಕೆಲಸಗಾರರು ನಿವೃತ್ತರಾಗಿ ಮಂಡ್ಯಕ್ಕೆ ಹೋದ ಮೇಲೆ ರಿಪೇರಿಯ ಡೈಗಳು ಬಿರುಕು ಬಿಟ್ಟು ವಾಪಸು ಬರತೊಡಗಿದ್ದವು. ಮುರಳೀಧರ್ ಒಂದು ದಿನ ನನ್ನನ್ನು ಕೂರಿಸಿಕೊಂಡು, "ಮೇಡಂ, ಕಾಲ ಬದಲಾಗಿದೆ. ಹೈಬ್ರಿಡ್ ಯಂತ್ರ ಹಾಕ್ಕೊಳ್ಳಿ. ನಿಮ್ಮೆದುರಿನ ವಸಂತಕುಮಾರ್ ಆಗಲೇ ಬುಕ್ ಮಾಡಿದಾರೆ. ನಿಮ್ಮ ಹತ್ರ ಇಲ್ಲ ಅಂದ್ರೆ ಕೆಲಸ ಅವರಿಗೇ ಹೋಗುತ್ತೆ" ಎಂದರು.

ಹೈಬ್ರಿಡ್ ಯಂತ್ರವೆಂದರೆ ಒಂದೇ ಪೆಟ್ಟಿಗೆಯೊಳಗೆ ಎರಡು ಕೈ. ಒಂದು ಕೈ ಲೋಹದ ಪುಡಿಯನ್ನು ಲೇಸರಿನಲ್ಲಿ ಕರಗಿಸಿ, ದೋಸೆಯ ಮೇಲೆ ದೋಸೆ ಹುಯ್ದಂತೆ, ಪದರ ಪದರವಾಗಿ ಹಚ್ಚುತ್ತದೆ. ಇನ್ನೊಂದು ಕೈ ಹಚ್ಚಿದ್ದನ್ನು ಅಳತೆಗೆ ತಕ್ಕಂತೆ ಕೆತ್ತುತ್ತದೆ. ಸವೆದ ಅಂಚನ್ನು ಹೊಸದಾಗಿ ಬೆಳೆಸಬಹುದು. ಇಷ್ಟನ್ನು ತಿಳಿಸಲು ಬೆಂಗಳೂರಿನಿಂದ ಒಬ್ಬ ಸಲಹೆಗಾರರು ಬಂದು ಹೋಟೆಲಿನ ಹಾಲಿನಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದರು. ಲಾಭದ ಗೆರೆ ಮೊದಲು ಸ್ವಲ್ಪ ಕೆಳಗಿಳಿದು, ಆಮೇಲೆ ಚಾಮುಂಡಿ ಬೆಟ್ಟ ಹತ್ತಿದಂತೆ ಹತ್ತುತ್ತಿತ್ತು. ಗೆರೆ ಇಳಿಯುವ ಕಡೆ ಏನಾಗುತ್ತದೆ ಎಂದು ಕೇಳಿದೆ. "ಅದು ಹೂಡಿಕೆಯ ಹಂತ ಮೇಡಂ" ಎಂದರು. ನಮ್ಮಲ್ಲಿ ಅದಕ್ಕೆ ಸಾಲ ಎನ್ನುತ್ತಾರೆ. ಯಂತ್ರ ಬೇಕಾದರೆ ಅಪ್ಪ ಕಟ್ಟಿದ ಶೆಡ್ಡನ್ನೂ ರಾಮಕೃಷ್ಣನಗರದಲ್ಲಿ ಗೌಡರು ಮಗಳಿಗೆಂದು ತೆಗೆದ ಸೈಟನ್ನೂ ಬ್ಯಾಂಕಿಗೆ ಒತ್ತೆಯಿಡಬೇಕಿತ್ತು.

"ಕಣ್ಣಲ್ಲಿ ನೋಡ್ಕಂಡ್ ಬರಾಣ ಸ್ಟೆಲ್ಲಮ್ಮ" ಎಂದರು ಗೌಡರು. "ನೋಡ್ದೆ ಎಮ್ಮೆ ಕೂಡ ತಗಳಲ್ಲ ನಾವು."

"ಎದುರಿನವರು ಕೇಳಿದ್ರೆ?"

"ನೀವು ವೇಳಾಂಕಣಿಗೆ ಅಂದ್ಬುಡಿ. ನಂಗೂ ಅಲ್ಲೊಂದು ಅರಕೆ ಅದೆ ಅಂತೀನಿ."

ಹೊರಡುವ ಹಿಂದಿನ ದಿನ ಗೇಟಿನ ಬಳಿ ವಸಂತಕುಮಾರ್ ತಾವಾಗಿಯೇ ಬಂದು, ತಾವು ಮುಡಿ ಕೊಡಲು ತಿರುಪತಿಗೆ ಹೋಗುತ್ತಿರುವುದಾಗಿ ಹೇಳಿದರು. ನಾವೇನೂ ಕೇಳಿರಲಿಲ್ಲ. ಒಳ್ಳೆಯದಾಗಲಿ ಎಂದೆವು. ದೇವರ ಮೇಲೆ ಅವರಿಗಿರುವ ಭಕ್ತಿ ಕಂಡು ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಮಿಲಾನ್

ಮಿಲಾನ್ ವಿಮಾನ ನಿಲ್ದಾಣದಲ್ಲಿ ಸಾಮಾನು ತೆಗೆದುಕೊಳ್ಳುವ ಪಟ್ಟಿಯ ಆಚೆ ಬದಿಯಲ್ಲಿ ವಸಂತಕುಮಾರ್ ನಿಂತಿದ್ದರು. ತಲೆಯ ತುಂಬ ಕೂದಲು. ಕೋಟು, ಟೈ. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು. ಮೂವರೂ ಒಟ್ಟಿಗೆ ಪಟ್ಟಿಯ ಮೇಲೆ ಬರುತ್ತಿದ್ದ ಯಾರದೋ ಪೆಟ್ಟಿಗೆಯನ್ನು ತೀರಾ ಆಸಕ್ತಿಯಿಂದ ನೋಡಲು ಶುರು ಮಾಡಿದೆವು. ಒಂದೇ ವಿಮಾನದಲ್ಲಿ, ಒಂದೇ ಉಪ್ಪಿಟ್ಟಿನಂಥ ಪದಾರ್ಥ ತಿಂದು ಬಂದಿದ್ದೆವು. ಅವರು ಮುಂದಿನ ಸಾಲುಗಳಲ್ಲಿ ಇದ್ದರಂತೆ.

"ದರ್ಶನ ಚೆನ್ನಾಗಾಯ್ತಾ ವಸಂತಣ್ಣ?" ಎಂದು ಗೌಡರು ಕೇಳಿದರು.

"ನಿಮಗೆ?" ಎಂದರು ಅವರು.

ಅಷ್ಟರಲ್ಲಿ ಗೌಡರ ಸೂಟ್‌ಕೇಸು ಬಂತು. ಅದರೊಳಗೆ ಬಟ್ಟೆ ಕಡಿಮೆ, ಉಕ್ಕು ಹೆಚ್ಚು. ಯಂತ್ರದವರು ತಮ್ಮ ಮಾದರಿಯನ್ನು ತೋರಿಸಿ ಮರುಳು ಮಾಡಬಹುದೆಂದು, ನಮ್ಮದೇ ಒಂದು ಸವೆದ ಡೈಯನ್ನು ಪಂಚೆಯಲ್ಲಿ ಸುತ್ತಿ ತಂದಿದ್ದರು. ತೆಂಗಿನಕಾಯಿಯಷ್ಟೇ ಗಾತ್ರ, ಎತ್ತಿದರೆ ಮಾತ್ರ ಗೊತ್ತಾಗುವ ತೂಕ. ಕಸ್ಟಮ್ಸಿನ ಹೆಂಗಸು ಕೈ ಅಡ್ಡ ಹಿಡಿದು ಮೇಜಿನ ಹತ್ತಿರ ಕರೆದರು. ಎಕ್ಸ್‌ರೇ ಪರದೆಯ ಮೇಲೆ ಪಂಚೆ, ಬನಿಯನ್ನು, ಚಟ್ನಿಪುಡಿ ಎಲ್ಲ ಮಸುಕಾಗಿಯೂ ನಡುವೆ ಒಂದು ಕಪ್ಪು ಗುಂಡು ಸ್ಪಷ್ಟವಾಗಿಯೂ ಕಾಣುತ್ತಿತ್ತು.

ಇದೇನು ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ಡೈ" ಎಂದರು ಗೌಡರು.

ಆಕೆಯ ಮುಖ ಬದಲಾಯಿತು. ಡೈ ಎಂದರೆ ಇಂಗ್ಲಿಷಿನಲ್ಲಿ ಸಾಯಿ ಎಂದೂ ಆಗುತ್ತದೆಂಬುದು ಗೌಡರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಯೆಸ್, ಯೆಸ್. ಓಲ್ಡ್ ಡೈ" ಎಂದು ನಗುತ್ತ ಒತ್ತಿ ಹೇಳಿದರು. ಇಬ್ಬರು ಪೊಲೀಸರು ಹತ್ತಿರ ಬಂದರು.

ನಾನು ಮಧ್ಯೆ ಬಾಯಿ ಹಾಕಿ ಅಚ್ಚು, ಕಾರ್ಖಾನೆ, ರಿಪೇರಿ ಎಂದೆಲ್ಲ ವಿವರಿಸುತ್ತಿರುವಾಗ ಪಕ್ಕದ ಮೇಜಿನಲ್ಲಿ ಅದೇ ಪ್ರಶ್ನೆ ಕೇಳಿಸಿತು. ವಸಂತಕುಮಾರ್ ಅವರ ಸೂಟ್‌ಕೇಸು ತೆರೆದಿತ್ತು. ಅದರಿಂದಲೂ ಒಂದು ಕಪ್ಪು ಉಕ್ಕಿನ ಗುಂಡು ಹೊರಬಂತು. ಕಸ್ಟಮ್ಸಿನವರು ಎರಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದೇ ಆಕಾರ. ಒಂದೇ ಅಂಚು ಸವೆದಿದೆ. ಬದಿಯಲ್ಲಿ ಕೊರೆದ ನಂಬರೂ ಒಂದೇ.

ಈ ಬಿಡಿಭಾಗದ ಕೆಲಸ ನಿಮಗೊಬ್ಬರಿಗೇ ಕೊಟ್ಟಿರುವುದು ಎಂದು ಮುರಳೀಧರ್ ನನಗೆ ಎಷ್ಟೋ ಸಲ ಹೇಳಿದ್ದರು. ಅದೇ ನೆಪದಲ್ಲಿ ಪ್ರತಿ ಸಲವೂ ದರ ಇಳಿಸಿದ್ದರು.

"ನೀವು ಯಂತ್ರ ಬುಕ್ ಮಾಡಿದೀರಿ ಅಂದ್ರಲ್ಲ ಮುರಳೀಧರ್" ಎಂದೆ.

"ನಾನೆಲ್ಲಿ ಮಾಡ್ದೆ ಮೇಡಂ? ನೀವು ಮಾಡಿದೀರಿ ಅಂದ್ರು. ಅದಕ್ಕೇ ಅಲ್ವಾ ನಾನು ಓಡಿಬಂದಿದ್ದು" ಎಂದರು ವಸಂತಕುಮಾರ್.

ಮೈಸೂರಿನಲ್ಲಿ ನಮ್ಮ ಶೆಡ್ಡುಗಳ ನಡುವೆ ಇರುವುದು ಒಂದು ರಸ್ತೆ. ಆ ರಸ್ತೆ ದಾಟಿ ಕೇಳಬಹುದಾಗಿದ್ದ ಒಂದು ಮಾತನ್ನು ಕೇಳಲು ಸಮುದ್ರ ದಾಟಿ ಬಂದಿದ್ದೆವು. ಕಸ್ಟಮ್ಸಿನ ಹೆಂಗಸಿಗೆ ನಮ್ಮ ಮುಖಗಳನ್ನು ನೋಡಿ ಯಾರೋ ಸತ್ತ ಸುದ್ದಿ ಬಂದಿರಬೇಕೆನಿಸಿತೋ ಏನೋ. ಎರಡೂ ಡೈಗಳನ್ನು ಮೆಲ್ಲಗೆ ನಮ್ಮ ಕಡೆ ತಳ್ಳಿ, ಹೋಗಿ ಎಂದು ಕೈಸನ್ನೆ ಮಾಡಿದರು.

ಬ್ರೆಷಿಯಾ

ಬ್ರೆಷಿಯಾ ಮಿಲಾನಿನಿಂದ ಪೂರ್ವಕ್ಕಿರುವ ಊರು. ಸುತ್ತಲೂ ಕಬ್ಬಿಣದ ಕೆಲಸ ಮಾಡುವ ಸಣ್ಣ ಸಣ್ಣ ಮನೆತನದ ಕಾರ್ಖಾನೆಗಳು. ಹಳೆಯ ಪೇಟೆಯಲ್ಲಿ ರಸ್ತೆಗೆ ಕಲ್ಲು ಹಾಸಿದ್ದಾರೆ. ಗೌಡರ ಸೂಟ್‌ಕೇಸಿನ ಚಕ್ರ ಆ ಕಲ್ಲುಗಳಿಗೆ ಬಲಿಯಾಯಿತು. ಆಮೇಲೆ ಡೈಯನ್ನು ಟವೆಲಿನಲ್ಲಿ ಕಟ್ಟಿ ಹೆಗಲ ಮೇಲಿಟ್ಟುಕೊಂಡು ನಡೆದರು. ಕಿಟಕಿಯಲ್ಲಿ ಕುಳಿತ ಮುದುಕಿಯರು ಸಂತೆಗೆ ಹೋಗುವವರನ್ನು ನೋಡುವಂತೆ ನೋಡಿದರು. ವಸಂತಕುಮಾರ್ ನಮ್ಮ ಜೊತೆ ಬರುತ್ತಿದ್ದರೂ, ಕೋಟಿನ ಮರ್ಯಾದೆಗೆ, ಸ್ವಲ್ಪ ಹಿಂದೆಯೇ ಬರುತ್ತಿದ್ದರು.

ಇಲ್ಲಿನವರು ಕಾಫಿಯನ್ನು ನಿಂತುಕೊಂಡೇ ಕುಡಿಯುತ್ತಾರೆ. ನಮ್ಮ ಅಗ್ರಹಾರದ ಹೋಟೆಲುಗಳ ಮುಂದೆ ಬೈ ಟು ಕಾಫಿ ಹಿಡಿದು ನಿಂತವರ ಹಾಗೆಯೇ. ವ್ಯತ್ಯಾಸವೆಂದರೆ ಲೋಟದಲ್ಲಿ ಕಾಫಿಯನ್ನು ಹುಡುಕಬೇಕು. ಔಷಧದ ಮುಚ್ಚಳದಷ್ಟು ಕೊಡುತ್ತಾರೆ, ಔಷಧದಷ್ಟೇ ಕಹಿ. ಮಧ್ಯಾಹ್ನ ಊಟವಾದ ಮೇಲೆ ಗೌಡರು ಹಾಲು ಹಾಕಿದ ಕಾಫಿ ಕೇಳಿದರು. ಪರಿಚಾರಕ ಅವರ ಹೊಟ್ಟೆಯ ಆರೋಗ್ಯದ ಬಗ್ಗೆ ಕಳಕಳಿಯಿಂದ ವಿಚಾರಿಸಿದ. ಊಟದ ಮೇಲೆ ಹಾಲಿನ ಕಾಫಿ ಕುಡಿಯುವುದು ಇಲ್ಲಿ ಕಾಯಿಲೆಯವರ ಲಕ್ಷಣವಂತೆ.

ಮಧ್ಯಾಹ್ನ ಅಂಗಡಿ, ಕಚೇರಿ ಎಲ್ಲಕ್ಕೂ ಬಾಗಿಲು. "ನಮ್ಮೂರಲ್ಲಿ ಮಧ್ಯಾಹ್ನ ಬಾಗ್ಲಾಕದು ದೇವರು ಮಾತ್ರ" ಎಂದರು ಗೌಡರು. ಇಲ್ಲಿ ದೇವರ ಬಾಗಿಲು ತೆರೆದೇ ಇತ್ತು. ನಾನು ಒಂದು ಇಗರ್ಜಿಯೊಳಗೆ ಹೋಗಿ ಮೇಣದಬತ್ತಿ ಹಚ್ಚಲು ನೋಡಿದರೆ, ಅದು ಬತ್ತಿಯಲ್ಲ, ಬಲ್ಬು. ನಾಣ್ಯ ಹಾಕಿದರೆ ಹತ್ತಿಕೊಳ್ಳುತ್ತದೆ. ನಮ್ಮ ಸಲಹೆಗಾರರು ನೋಡಿದ್ದರೆ ಸಂತೋಷಪಡುತ್ತಿದ್ದರು.

ಮಾರ್ಕೊನ ಬಿಳಿ ನೆಲ

ಯಂತ್ರ ಮಾರುವ ಕಂಪನಿಯ ಪ್ರತಿನಿಧಿಯ ಹೆಸರು ಮಾರ್ಕೊ. ಸುಂದರ, ಚುರುಕು, ಎರಡೂ ಕೈಗಳಲ್ಲಿ ಮಾತಾಡುವವನು. ನಮ್ಮನ್ನೂ ವಸಂತಕುಮಾರ್ ಅವರನ್ನೂ ಬೇರೆ ಬೇರೆ ಹೊತ್ತಿಗೆ ಬರಹೇಳಿದ್ದ. ಮೂವರೂ ಒಟ್ಟಿಗೆ ಬಂದಿಳಿದದ್ದು ಕಂಡು ಒಂದು ಕ್ಷಣ ಅವನ ಕೈಗಳು ಸುಮ್ಮನಾದವು.

ಪ್ರದರ್ಶನದ ಕೋಣೆಯ ನೆಲ ಬಿಳಿ, ಗೋಡೆ ಬಿಳಿ. ಒಂದು ತೊಟ್ಟು ಎಣ್ಣೆಯಿಲ್ಲ. ಎಣ್ಣೆ ಕಾಣದ ಕಾರ್ಖಾನೆಯನ್ನು ನೋಡಿದರೆ ನನಗೆ ಒಗ್ಗರಣೆಯ ವಾಸನೆಯಿಲ್ಲದ ಅಡುಗೆಮನೆ ನೋಡಿದ ಹಾಗೆ ಅನುಮಾನ ಬರುತ್ತದೆ. ನಡುವೆ ಯಂತ್ರ, ಪುಟ್ಟ ಮನೆಯಷ್ಟು ದೊಡ್ಡದು. ಅದು ಸುರುಳಿ ಸುರುಳಿ ರೆಕ್ಕೆಗಳ ಒಂದು ಚಕ್ರವನ್ನು ಮಾಡಿಕೊಂಡು ಕೂತಿತ್ತು. ನೋಡಲು ಬಹಳ ಚೆಂದ. ಅಂಥದ್ದನ್ನು ಮಾಡಿಕೊಡಿ ಎಂದು ನಮ್ಮ ಶೆಡ್ಡಿನ ಬಾಗಿಲಿಗೆ ಇದುವರೆಗೆ ಯಾರೂ ಬಂದಿಲ್ಲ.

ಗೌಡರು ಟವೆಲು ಬಿಚ್ಚಿ ಡೈಯನ್ನು ಬಿಳಿ ಮೇಜಿನ ಮೇಲಿಟ್ಟರು. ವಸಂತಕುಮಾರ್ ಪಕ್ಕದಲ್ಲಿ ತಮ್ಮದನ್ನಿಟ್ಟರು. ಇದರ ಅಂಚು ಬೆಳೆಸಿ ತೋರಿಸಿ ಎಂದೆವು. ಮಾರ್ಕೊ ಅದನ್ನು ಒಂದು ಬೆರಳಿನಿಂದ ಮುಟ್ಟಿ, ಈ ಉಕ್ಕಿಗೆ ಯಾವ ಪುಡಿ ಹೊಂದುತ್ತದೆಂದು ಮೊದಲು ಅಧ್ಯಯನವಾಗಬೇಕು ಎಂದ. ಅಧ್ಯಯನಕ್ಕೆ ಬೇರೆ ಶುಲ್ಕ. ಪುಡಿಯನ್ನು ಅವರ ಹತ್ತಿರವೇ ಕೊಳ್ಳಬೇಕು. ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು ಇಂಕಿಗೆ ಸುಲಿಯುವವರನ್ನು ನೋಡಿದ್ದೆವು. ಇವರು ಪ್ರಿಂಟರನ್ನೂ ಅಗ್ಗಕ್ಕೆ ಕೊಡುತ್ತಿರಲಿಲ್ಲ.

ಆಮೇಲೆ ಲೆಕ್ಕದ ಹಾಳೆ ಪರದೆಯ ಮೇಲೆ ಬಂತು. ಆ ಲೆಕ್ಕದಲ್ಲಿ ಯಂತ್ರ ಹಗಲೂ ರಾತ್ರಿ, ವರ್ಷವಿಡೀ ಓಡುತ್ತಿತ್ತು.

"ಕರೆಂಟ್ ಓದ್ರೆ?" ಎಂದು ಗೌಡರು ನನ್ನ ಮೂಲಕ ಕೇಳಿದರು.

ಎಲ್ಲಿಗೆ ಹೋಗುತ್ತದೆ ಎಂದು ಮಾರ್ಕೊ ಕೇಳಿದ.

"ಆಯುಧಪೂಜೆ ದಿವ್ಸವೂ ಓಡ್ಸಬೇಕಂತಾ ಕೇಳಿ. ಅವತ್ತು ನಾವು ಕುಂಕುಮ ಇಟ್ಟು ಸುಮ್ನೆ ಕೂರುಸ್ತೀವಿ."

ಅದನ್ನು ಅನುವಾದಿಸುವ ಗೋಜಿಗೆ ನಾನು ಹೋಗಲಿಲ್ಲ. ನನ್ನ ಕಣ್ಣು ಉಳಿತಾಯದ ಸಾಲಿನ ಮೇಲಿತ್ತು. ಈ ಯಂತ್ರ ಬಂದರೆ ಮೂವರು ಕೆಲಸಗಾರರು ಬೇಕಾಗುವುದಿಲ್ಲ, ಅವರ ಸಂಬಳದಲ್ಲಿ ಕಂತು ತೀರುತ್ತದೆ ಎಂದಿತ್ತು. ಅದು ಇಟಲಿಯ ಸಂಬಳ. ನಮ್ಮ ಸಂಬಳದ ಲೆಕ್ಕದಲ್ಲಿ ಮೂವರನ್ನಲ್ಲ, ಇಡೀ ಕಾರ್ಖಾನೆಯನ್ನು ಮನೆಗೆ ಕಳಿಸಿ, ಹಿಂದೆಯೇ ನಾನೂ ಗೌಡರೂ ಹೊರಟುಹೋದರೂ ಆ ಕಂತು ತೀರುವಂತಿರಲಿಲ್ಲ. ಯಂತ್ರ ಒಬ್ಬಂಟಿಯಾಗಿ ಕೂತು ತನ್ನ ಸಾಲ ತಾನೇ ತೀರಿಸಿಕೊಳ್ಳಬೇಕಾಗುತ್ತಿತ್ತು.

ಇದನ್ನು ಹೇಳಿದಾಗ ಮಾರ್ಕೊ ಬೇಸರಪಡಲಿಲ್ಲ. ಸೋಮವಾರ ನಮ್ಮ ಸಂತೃಪ್ತ ಗ್ರಾಹಕರೊಬ್ಬರನ್ನು ಭೇಟಿ ಮಾಡಿಸುತ್ತೇನೆ, ಅವರೂ ನಿಮ್ಮಂಥ ಹೆಂಗಸೇ ಎಂದ.

ಕಾರ್ಲಾ ಅವರ ಶೆಡ್ಡು

ಕಾರ್ಲಾ ಅವರಿಗೆ ನನಗಿಂತ ಸ್ವಲ್ಪ ಹೆಚ್ಚು ವಯಸ್ಸು. ಮಾವ ಕಟ್ಟಿದ ಅಚ್ಚಿನ ಕಾರ್ಖಾನೆಯನ್ನು ಗಂಡ ಸತ್ತ ಮೇಲೆ ಮಗಳು ಎಲೀಸಾಳ ಜೊತೆ ನಡೆಸುತ್ತಿದ್ದಾರೆ. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಕತ್ತರಿಸಿದ ಉಕ್ಕಿನ, ಎಣ್ಣೆಯ ವಾಸನೆ ಬಂತು. ಗೌಡರು ಎದೆ ತುಂಬ ಉಸಿರೆಳೆದುಕೊಂಡರು. ಊರು ಬಿಟ್ಟ ಮೇಲೆ ಅವರು ನೆಮ್ಮದಿಯಾಗಿ ಉಸಿರಾಡಿದ್ದು ಆಗಲೇ.

ಮಾರ್ಕೊ ಏನೋ ಕೇಳಿದ. ಕಾರ್ಲಾ ಇಟಾಲಿಯನ್ನಿನಲ್ಲಿ ಉದ್ದಕ್ಕೆ ಉತ್ತರ ಕೊಟ್ಟರು. ಮಧ್ಯೆ ಹಣೆ ಬಡಿದುಕೊಂಡರು, ಎದುರಿನ ಶೆಡ್ಡಿನ ಕಡೆ ಕೈ ತೋರಿಸಿದರು, ಬೆರಳುಗಳನ್ನು ಗಂಟಲಿನ ಮೇಲೆ ಎಳೆದುಕೊಂಡರು.

"ತುಂಬಾ ಸಂತೋಷವಾಗಿದ್ದಾರಂತೆ" ಎಂದು ಮಾರ್ಕೊ ಇಂಗ್ಲಿಷಿಗೆ ತಂದ.

ಅಷ್ಟರಲ್ಲಿ ಹೊರಗೆ ಲಾರಿಯೊಂದು ಒಂದೇ ಸಮನೆ ಹಾರ್ನ್ ಮಾಡತೊಡಗಿತು. ಮಾರ್ಕೊ ತನ್ನ ಕಾರನ್ನು ಅದರ ದಾರಿಗೆ ಅಡ್ಡವಾಗಿ ನಿಲ್ಲಿಸಿದ್ದ. ಅವನು ಓಡಿದ. ಎಲೀಸಾ ನಮ್ಮ ಹತ್ತಿರ ಬಂದು, ಅಮ್ಮ ಹೇಳಿದ್ದೇನೆಂದು ನಾನು ಹೇಳುತ್ತೇನೆ ಎಂದಳು.

ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟ ಕಾಲದಲ್ಲಿ ಈ ಬೀದಿಯ ಎಲ್ಲರೂ ಯಂತ್ರ ತಂದರಂತೆ. ಎದುರಿನವನು ತಂದನೆಂದು ಇವರು, ಇವರು ತಂದರೆಂದು ಪಕ್ಕದವನು. ಹೊಸ ಹೊಸ ವಸ್ತುಗಳನ್ನು ಮಾಡುತ್ತೇವೆಂಬುದು ಆಸೆ. ಹೊಸ ವಸ್ತು ಬೇಕೆಂದು ಯಾರೂ ಬರಲಿಲ್ಲ. ಬಂದಿದ್ದು ಹಳೆಯ ಅಚ್ಚುಗಳ ರಿಪೇರಿ ಮಾತ್ರ, ಅದನ್ನೂ ಎಲ್ಲರೂ ಹಂಚಿಕೊಂಡರೆ ಯಾರ ಯಂತ್ರಕ್ಕೂ ಹೊಟ್ಟೆ ತುಂಬುತ್ತಿರಲಿಲ್ಲ. ಕೆಲವರು ಬಾಗಿಲು ಹಾಕಿದರು. ಎದುರಿನ ಶೆಡ್ಡಿನವರ ಜೊತೆ ಕಾರ್ಲಾ ಮಾತು ಬಿಟ್ಟು ವರ್ಷಗಳಾಗಿದ್ದವು. ಒಂದು ದಿನ ರಸ್ತೆ ದಾಟಿ ಹೋಗಿ, "ನಿನ್ನ ಯಂತ್ರ ಮಾರಿಬಿಡು. ನಿನ್ನ ಕೆಲಸವನ್ನೂ ಇಲ್ಲಿಗೇ ತಾ. ಅರ್ಧ ನಿನ್ನದು" ಎಂದರಂತೆ.

"ಈಗ ಮಾತಾಡ್ತೀರಾ?" ಎಂದು ನಾನು ಕೇಳಿದೆ.

"ಯಂತ್ರದ ವಿಷಯ ಮಾತ್ರ" ಎಂದು ಎಲೀಸಾ ನಕ್ಕಳು. "ಅಮ್ಮ ಇನ್ನೊಂದು ಹೇಳ್ತಾಳೆ. ಇವತ್ತು ಕೊಳ್ಳೋದಾದರೆ ಇಷ್ಟು ದೊಡ್ಡದನ್ನು ಕೊಳ್ಳುತ್ತಿರಲಿಲ್ಲವಂತೆ. ಉಕ್ಕು ಕೆತ್ತುವ ನಿಮ್ಮ ಹಳೆಯ ಮಿಲ್ಲಿಂಗ್ ಯಂತ್ರ ಗಟ್ಟಿಯಾಗಿದ್ದರೆ, ಲೇಸರಿನ ತಲೆಯನ್ನು ಮಾತ್ರ ಅದಕ್ಕೆ ಕೂರಿಸಬಹುದು. ಅದನ್ನು ಮಾಡುವ ಬೇರೆಯವರಿದ್ದಾರೆ. ಮಾರ್ಕೊ ಅದನ್ನು ಹೇಳುವುದಿಲ್ಲ."

ಮಾರ್ಕೊ ಬೆವರು ಒರೆಸಿಕೊಳ್ಳುತ್ತ ವಾಪಸು ಬಂದ. ನಾವೆಲ್ಲ ತುಂಬಾ ಸಂತೋಷವಾಗಿದ್ದೆವು.

ಗೌಡರ ಟವೆಲಿನ ಗಂಟು ನೋಡಿ ಕಾರ್ಲಾ, ಕೆಲಸವನ್ನು ಹೆಗಲ ಮೇಲೆ ಹೊತ್ತು ತಂದವರನ್ನು ಇದೇ ಮೊದಲು ನೋಡಿದ್ದು ಎಂದರು. ಅಧ್ಯಯನ, ಶುಲ್ಕ ಏನೂ ಕೇಳದೆ ಎರಡೂ ಡೈಗಳನ್ನು ಯಂತ್ರಕ್ಕೆ ಕಟ್ಟಿಸಿದರು. ಅಂಥದ್ದೇ ಉಕ್ಕಿನ ರಿಪೇರಿಯನ್ನು ಅವರು ಮೊದಲೂ ಮಾಡಿದ್ದರಂತೆ. ದಪ್ಪ ಗಾಜಿನ ಹಿಂದೆ ನೀಲಿ ಕಿಡಿ ಮೆಲ್ಲನೆ ಅಂಚಿನ ಮೇಲೆ ಓಡಾಡಿತು. ಸವೆದುಹೋಗಿದ್ದ ಉಕ್ಕು ಕಣ್ಣೆದುರೇ ಬೆಳೆಯಿತು. ಮಧ್ಯಾಹ್ನವಾಗಿದ್ದರಿಂದ ಮಿಕ್ಕ ಕೆಲಸವನ್ನು ಯಂತ್ರಕ್ಕೆ ಬಿಟ್ಟು ನಮ್ಮನ್ನು ಊಟಕ್ಕೆ ಕರೆದೊಯ್ದರು.

ಅಂದು ಸೋಮವಾರ. ಗೌಡರ ಮನೆದೇವರು ನಂಜುಂಡೇಶ್ವರ, ಸೋಮವಾರ ಅವರು ಮಾಂಸ ಮುಟ್ಟುವುದಿಲ್ಲ. ಅದನ್ನು ಎಲೀಸಾಳಿಗೆ ಹೇಳಿದೆ. ನಮ್ಮಲ್ಲಿ ಶುಕ್ರವಾರ ಹಾಗೆ ಎಂದು ಅವಳು ತಕ್ಷಣ ಒಪ್ಪಿಕೊಂಡಳು. ಮಾಂಸದ ಬದಲು ಹಲಗೆಯ ಮೇಲೆ ಹಬೆಯಾಡುವ ಹಳದಿ ಮುದ್ದೆಯೊಂದು ಬಂತು. ಮೆಕ್ಕೆಜೋಳದ ಹಿಟ್ಟನ್ನು ತೊಳಸಿ ಮಾಡಿದ್ದು. ಇಲ್ಲಿ ಪೊಲೆಂತಾ ಎನ್ನುತ್ತಾರೆ. ಗೌಡರು ನೋಡಿದ್ದೇ ತಡ, ಚಮಚ ಬದಿಗಿಟ್ಟು, ಒಂದು ತುತ್ತು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಟೊಮೆಟೊ ಸಾರಿನಲ್ಲಿ ಅದ್ದಿ ಅಗಿಯದೆ ನುಂಗಿದರು. ಕಾರ್ಲಾ ಕುರ್ಚಿಯಿಂದ ಅರ್ಧ ಎದ್ದರು.

"ಏನಾಗಿಲ್ಲ ಅನ್ನಿ ಸ್ಟೆಲ್ಲಮ್ಮ. ಅಗುದ್ರೆ ಮುದ್ದೆಗೆ ಅವಮಾನ. ಸಾರು ಮಾತ್ರ ಸಪ್ಪೆ" ಎಂದು ಗೌಡರು ಇನ್ನೊಂದು ಉಂಡೆಗೆ ಕೈ ಹಾಕಿದರು. ವಸಂತಕುಮಾರ್ ಫೋರ್ಕು ಹಿಡಿದು ಸ್ವಲ್ಪ ಹೊತ್ತು ಕೆರೆದು ನೋಡಿ, ಕೊನೆಗೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ತಾವೂ ಕೈ ತೊಳೆದು ಬಂದರು. ಅವರ ತಾಯಿಯ ಊರು ಬನ್ನೂರು ಎಂದು ನನಗೆ ಆಗಲೇ ಗೊತ್ತಾದದ್ದು. ಎದುರುಬದುರು ಇಷ್ಟು ವರ್ಷ ಇದ್ದೂ ಒಟ್ಟಿಗೆ ಕೂತು ಉಂಡಿದ್ದು ಅದೇ ಮೊದಲು.

ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ಡೈಗಳು ತಯಾರಾಗಿದ್ದವು. ಗೌಡರು ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಮತ್ತೆ ಸವರಿದರು. ಮಂಡ್ಯಕ್ಕೆ ಹೋದ ನಮ್ಮ ವೆಲ್ಡರ್ ಅವರ ಕೆಲಸವನ್ನು ಕೂಡ ಅವರು ಹಾಗೆ ಮತ್ತೆ ಮತ್ತೆ ಮುಟ್ಟಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಯಾವುದು ಯಾರದು ಎಂದು ಗೊತ್ತಾಗದೆ ಗೌಡರಿಗೂ ವಸಂತಕುಮಾರ್ ಅವರಿಗೂ ಜಗಳವಾಯಿತು.

ಕೆರೆಯ ದಂಡೆ

ಮರುದಿನ ಬಿಡುವಿತ್ತು. ಹತ್ತಿರದ ದೊಡ್ಡ ಸರೋವರ ನೋಡಲು ಹೋದೆವು. ನೀಲಿ ನೀರು, ಆಚೆ ಹಿಮದ ಬೆಟ್ಟ, ಸುತ್ತಲೂ ಹುಡುಗ ಹುಡುಗಿಯರು. ಆ ಸೊಬಗಿಗೆ ಬೆನ್ನು ಹಾಕಿ ನನ್ನ ಇಬ್ಬರು ಗಂಡಸರು ಶೆಡ್ಡಿನ ವಿಷಯಕ್ಕೆ ಕಚ್ಚಾಡುತ್ತಿದ್ದರು. ಇಬ್ಬರೂ ಸೇರಿ ಲೇಸರಿನ ತಲೆಯೊಂದನ್ನು ತರುವುದೆಂಬಲ್ಲಿಗೆ ಮಾತು ಸುಲಭವಾಗಿಯೇ ಬಂದಿತ್ತು. ಎಲ್ಲಿಡುವುದು ಎಂಬಲ್ಲಿ ಸಿಕ್ಕಿಕೊಂಡಿತು.

"ನನ್ನ ಹತ್ರ ಎಸಿ ರೂಮಿದೆ ಗೌಡ್ರೇ. ಲೇಸರ್‌ಗೆ ಧೂಳು ಆಗಲ್ಲ."

"ನನ್ನತ್ರ ಮಿಲ್ಲಿಂಗ್ ಮೆಷಿನ್ ಅದೆ. ನಿಮ್ದು ಅಲ್ಲಾಡ್ತದೆ, ರಸ್ತೆಗೇ ಕೇಳುಸ್ತದೆ."

"ನಿಮ್ಮಲ್ಲಿ ಇಟ್ರೆ ನನ್ನ ಡೈಗಳನ್ನ ನಿಮ್ಮವರೆಲ್ಲ ನೋಡ್ತಾರೆ."

"ನೋಡದಿಕ್ಕೇನದೆ ವಸಂತಣ್ಣ? ಎರಡೂ ಒಂದೇ ಅಂತ ಮಿಲಾನಲ್ಲೇ ಗೊತ್ತಾಯ್ತಲ್ಲ."

ಗೌಡರನ್ನು ಐಸ್‌ಕ್ರೀಮ್ ತರಲು ಅಟ್ಟಿ, ನಾನು ವಸಂತಕುಮಾರ್ ಅವರನ್ನು ಬೆಂಚಿನ ಮೇಲೆ ಕೂರಿಸಿದೆ. ತಿಂಗಳಿಗೆ ನಿಮಗೆ ರಿಪೇರಿಗೆ ಎಷ್ಟು ಡೈ ಬರುತ್ತವೆ, ನಿಜ ಹೇಳಿ ಎಂದೆ. ನಮ್ಮ ಕಸುಬಿನಲ್ಲಿ ಹೆಂಗಸಿನ ವಯಸ್ಸಿಗಿಂತ ಗುಟ್ಟಿನ ಸಂಗತಿ ಅದು. ಅವರು ನೀರಿನ ಕಡೆ ನೋಡುತ್ತ ಮೆಲ್ಲಗೆ ಒಂದು ಸಂಖ್ಯೆ ಹೇಳಿದರು. ಪಾಪನಿವೇದನೆ ಕೇಳುವ ಪಾದ್ರಿಗಳು ಪಾಪಗಳನ್ನು ಕೂಡಿಸುವುದಿಲ್ಲ. ನಾನು ನಮ್ಮದನ್ನೂ ಅದನ್ನೂ ಕೂಡಿಸಿದೆ. ಒಬ್ಬೊಬ್ಬರೇ ತಂದರೆ ಆ ತಲೆ ವಾರದ ಬಹುಪಾಲು ನೊಣ ಹೊಡೆಯುತ್ತಿತ್ತು. ಇಬ್ಬರೂ ಸೇರಿದರೆ ಹೇಗೋ ಬದುಕುತ್ತಿತ್ತು. ಮಾರ್ಕೊನ ದೊಡ್ಡ ಯಂತ್ರ ಇಬ್ಬರನ್ನೂ ಸೇರಿಸಿಯೇ ಮುಳುಗಿಸುತ್ತಿತ್ತು.

"ನಿಮ್ಮದಕ್ಕಿಂತ ಕಮ್ಮಿ ಅಲ್ವಾ ಮೇಡಂ ನನ್ನದು?" ಎಂದರು. "ಎರಡು ವರ್ಷದಿಂದ ಹಿಂಗೇ. ಮನೇಲೂ ಹೇಳಿಲ್ಲ. ಈ ಯಂತ್ರ ತಂದ್ಬಿಟ್ರೆ ಎಲ್ಲ ಸರಿಹೋಗುತ್ತೆ ಅನ್ಕೊಂಡಿದ್ದೆ."

ಕೋಟು, ಟೈ ಹಾಕಿಕೊಂಡ ಆ ಮನುಷ್ಯನ ಮುಖವನ್ನು ನಾನು ಆವರೆಗೆ ಸರಿಯಾಗಿ ನೋಡಿರಲಿಲ್ಲ.

"ಹೆಚ್ಚುಕಮ್ಮಿ ಒಂದೇ ಇದೆ ಬಿಡಿ" ಎಂದೆ. ಒಂದಾಗಿರಲಿಲ್ಲ. ಇದನ್ನು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದೆ. ಬರೀರಿ, ಸಂಖ್ಯೆ ಒಂದು ಹಾಕಬೇಡಿ ಎಂದಿದ್ದಾರೆ.

ಗೌಡರು ಮೂರು ಬಣ್ಣದ ಮೂರು ಐಸ್‌ಕ್ರೀಮ್ ಹಿಡಿದು ಬಂದರು. "ಎಷ್ಟಂತೆ?" ಎಂದು ಕಣ್ಣಲ್ಲೇ ಕೇಳಿದರು. ನಾನು ಹೇಳಲಿಲ್ಲ. ಅವರು ನನ್ನ ಮುಖ ನೋಡಿದರು, ವಸಂತಕುಮಾರ್ ಅವರನ್ನು ನೋಡಿದರು, ಮೂರರಲ್ಲಿ ದೊಡ್ಡದಾಗಿದ್ದ ಐಸ್‌ಕ್ರೀಮನ್ನು ಅವರ ಕೈಗೆ ಕೊಟ್ಟು, "ನಿಮ್ ಎಸಿ ರೂಮಲ್ಲೇ ಇರ್ಲಿ ಬುಡಿ. ನಮ್ ಮೆಷಿನ್ನ ಅಲ್ಲಿಗೇ ತಂದ್ಬುಡ್ತೀನಿ" ಎಂದರು.

ಮತ್ತೆ ಮೈಸೂರು

ಕ್ರೇನು ನಮ್ಮ ಮಿಲ್ಲಿಂಗ್ ಯಂತ್ರವನ್ನು ರಸ್ತೆ ದಾಟಿಸಿದ ದಿನ ಗೌಡರು ಅದರ ಹಿಂದೆಯೇ ನಡೆದರು. ಇಬ್ಬರೂ ಸೇರಿ ತರಿಸಿದ ಲೇಸರಿನ ತಲೆ ಅದಕ್ಕೆ ಕೂತ ಮೇಲಿನ ತಿಂಗಳುಗಳು ಸುಖದ್ದಾಗಿರಲಿಲ್ಲ. ಮೊದಲು ಬೆಳೆಸಿದ ಅಂಚುಗಳು ಹಪ್ಪಳದ ಹಾಗೆ ಎದ್ದುಬಂದವು. ಯಾವ ಉಕ್ಕಿಗೆ ಎಷ್ಟು ಬಿಸಿ ಎಂದು ಕಲಿಯುವಷ್ಟರಲ್ಲಿ ಕಾರ್ಲಾ ಅವರ ಮಗಳಿಗೆ ನಾವು ಮಾಡಿದ ಫೋನುಗಳಿಂದ ಅವಳಿಗೂ ಅರ್ಧ ಕನ್ನಡ ಬಂದಿರಬೇಕು. ಲೇಸರಿಗೆ ಬೇಕಾದ ಆರ್ಗಾನ್ ಗ್ಯಾಸನ್ನು ಯಾರು ಹೆಚ್ಚು ಖಾಲಿ ಮಾಡಿದರೆಂದು ಗೌಡರೂ ವಸಂತಕುಮಾರ್ ಅವರೂ ಈಗಲೂ ಜಗಳವಾಡುತ್ತಾರೆ. ಸಲಹೆಗಾರರ ಬೆಟ್ಟದ ಗೆರೆ ನಮ್ಮಲ್ಲಿ ಇನ್ನೂ ಹತ್ತಿಲ್ಲ, ಆದರೆ ಇಳಿಯುವುದು ನಿಂತಿದೆ. ಶೆಡ್ಡಿನ ಪತ್ರ, ಗೌಡರ ಸೈಟಿನ ಪತ್ರ ಎರಡೂ ಅವರವರ ಬೀರುವಿನಲ್ಲಿವೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ.

ಮುರಳೀಧರ್ ಅವರಿಗೆ ಯಂತ್ರ ಯಾರದೆಂದು ನಾವಾಗಿ ಹೇಳಲಿಲ್ಲ. ಅವರಾಗಿ ಕೇಳಲಿಲ್ಲ. ಹೋದ ವಾರ ನಮ್ಮಲ್ಲಿಗೆ ಬಂದು ಕಾಫಿ ಕುಡಿದು, ನಮ್ಮ ದರದ ಕಾಗದ ನೋಡಿ, "ಎದುರಿನ ವಸಂತ್ ಇದಕ್ಕಿಂತ ಕಮ್ಮಿಗೆ ಕೊಡ್ತಿದಾರೆ ಮೇಡಂ. ನೀವೂ ಸ್ವಲ್ಪ ನೋಡಿ" ಎಂದರು.

"ಅವರ ಹತ್ರವೇ ಮಾಡಿಸಿ ಸಾರ್. ನಮಗೆ ಬೇಜಾರಿಲ್ಲ" ಎಂದೆ.

ಅವರು ರಸ್ತೆ ದಾಟಿ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ವಸಂತಕುಮಾರ್ ಹೇಳಿದರು. ದರ ಕೇಳಿದ ಮುರಳೀಧರ್ ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತ, "ಇದೇನ್ರೀ, ಒಂದ್ ರೂಪಾಯಿ ಆಚೀಚೆ ಇಲ್ವಲ್ಲ. ನೀವೂ ಗೌಡ್ರೂ ಮಾತಾಡ್ಕೊಂಡಿದೀರಾ?" ಎಂದರಂತೆ.

"ಛೇ ಛೇ. ಅವ್ರಿಗೂ ನಮಗೂ ಎಲ್ಲಿ ಸಾರ್ ಮಾತು? ಮುಖ ನೋಡಿ ಎಷ್ಟು ಕಾಲ ಆಯ್ತು" ಎಂದು ಇವರು ನೊಂದ ದನಿಯಲ್ಲಿ ಹೇಳಿದರಂತೆ.

ಆ ಹೊತ್ತಿಗೆ ಗೌಡರು ಗೋಡೆಯಾಚೆ ಎಸಿ ರೂಮಿನಲ್ಲಿ ಕದ ಹಾಕಿಕೊಂಡು, ಮುರಳೀಧರ್ ಅವರದೇ ಕಂಪನಿಯ ಡೈಗೆ ಅಂಚು ಕಟ್ಟುತ್ತಿದ್ದರು.